ಗೌಡರಿಗೆ ಬಿಳಿ ಧೋತರ ಸಾಕು

"ಅಕ್ಕ, ನಮ್ಮ ಗೌಡರು ಭಾರೀ ಶ್ರೀಮಂತರು. ನೇರಳೆ ವೆಲ್ವೆಟ್ ಕೋಟು, ಜರಿ ರುಮಾಲು ಬೇಕು" ಎಂದು ಮಾಟುಂಗದ ಹುಡುಗನೊಬ್ಬ ಸ್ಕ್ರಿಪ್ಟ್ ಹಿಡಿದು ಬಂದಿದ್ದ. ಅವನೇ ಬರೆದ ನಾಟಕ. ನಡೆಯುವುದು 1930ರ ಸುಮಾರಿಗೆ, ಧಾರವಾಡ ಕಡೆಯ ಹಳ್ಳಿಯಲ್ಲಿ. ನಾನು ಮುಂಬೈಯಲ್ಲಿ ಸಿನಿಮಾ, ಸೀರಿಯಲ್‌ಗಳಿಗೆ ಬಟ್ಟೆ ಮಾಡಿಸುವವಳು. ಈ ಬೇಡಿಕೆ ಹೊಸದಲ್ಲ.

ನೇರಳೆ ಯಾಕಪ್ಪ ಅಂತ ಕೇಳಿದೆ. "ಸುಮ್ನೆ, ರಿಚ್ ಆಗಿ ಕಾಣುತ್ತೆ ಅಲ್ವಾ?"

ಸುಮ್ನೆ ಅಲ್ಲ. ಒಂದು ಕಾಲಕ್ಕೆ ಅತಿ ದುಬಾರಿ ನೇರಳೆ ಬಣ್ಣ ಸಿಗುತ್ತಿದ್ದದ್ದು ಮೆಡಿಟರೇನಿಯನ್ ಕಡಲಿನ ಮ್ಯೂರೆಕ್ಸ್ ಎಂಬ ಬಸವನಹುಳುವಿನಿಂದ. 1909ರಲ್ಲಿ ಫ್ರೀಡ್‌ಲ್ಯಾಂಡರ್ ಎಂಬ ರಸಾಯನ ವಿಜ್ಞಾನಿ 12,000 ಹುಳುಗಳಿಂದ ಬಣ್ಣ ತೆಗೆದು ನೋಡಿದರು. ಕೈಗೆ ಬಂದದ್ದು 1.4 ಗ್ರಾಂ! ರೋಮಿನ ಚಕ್ರವರ್ತಿಗಳು ಅದನ್ನು ತಮ್ಮ ಮೈಮೇಲೆ ಇಟ್ಟುಕೊಂಡು ಉಳಿದವರನ್ನು ದೂರ ಇಟ್ಟದ್ದು ಇದಕ್ಕೇ. ಆದರೆ 1856ರಲ್ಲಿ ಲಂಡನ್ನಿನ ವಿಲಿಯಂ ಪರ್ಕಿನ್ ಎಂಬ 18ರ ಹುಡುಗ ಮಲೇರಿಯಾಕ್ಕೆ ಕ್ವಿನೈನ್ ಮಾಡಲು ಹೋದ, ಕ್ವಿನೈನ್ ಬರಲಿಲ್ಲ, ಪಾತ್ರೆಯಲ್ಲಿ ನೇರಳೆ ಬಣ್ಣ ಬಂತು. ಆಮೇಲೆ ಅದು ಕಾರ್ಖಾನೆಯ ಮಾಲು. ಅದಕ್ಕೇ ಯಾರಾದರೂ ನೇರಳೆ ಕೇಳಿದರೆ ಕಥೆ ಯಾವ ಇಸವಿಯದು ಅಂತ ನಾನು ಮೊದಲು ಕೇಳುವುದು. (ರಂಗದ ಹಳದಿ ಲೈಟಿನಲ್ಲಿ ಅದು ಸುಟ್ಟ ಬದನೆಕಾಯಿ ಥರ ಕಾಣುತ್ತದೆ, ಆ ಮಾತು ಬೇರೆ.)

ಅಮೆರಿಕದ ಫಿಟ್ಜ್‌ಜೆರಾಲ್ಡ್ 1925ರಲ್ಲಿ ಪ್ರಕಟಿಸಿದ 'ದಿ ಗ್ರೇಟ್ ಗ್ಯಾಟ್ಸ್‌ಬಿ' ಕಾದಂಬರಿ ನೋಡಿ. ಹೊಸದಾಗಿ ದುಡ್ಡು ಮಾಡಿದ ಗ್ಯಾಟ್ಸ್‌ಬಿ ಬೆಳ್ಳಿ ಬಣ್ಣದ ಶರ್ಟು, ಬಂಗಾರ ಬಣ್ಣದ ಟೈ ಹಾಕಿಕೊಂಡು ತಾನು ಪ್ರೀತಿಸಿದ ಡೇಸಿಯ ಮುಂದೆ ನಿಲ್ಲುತ್ತಾನೆ. ಅವಳ ಗಂಡ ಟಾಮ್, ಹುಟ್ಟಾ ಶ್ರೀಮಂತ. ಗ್ಯಾಟ್ಸ್‌ಬಿ ಆಕ್ಸ್‌ಫರ್ಡಿನಲ್ಲಿ ಓದಿದವನಂತೆ ಎಂದರೆ ಟಾಮ್ ನಂಬುವುದಿಲ್ಲ, ಯಾಕೆಂದರೆ ಇವನು ಪಿಂಕ್ ಸೂಟ್ ಹಾಕುತ್ತಾನೆ! ಬಣ್ಣ ಜಾಸ್ತಿ ಆದದ್ದೇ ಗ್ಯಾಟ್ಸ್‌ಬಿಯ ಗುಟ್ಟು ಬಿಟ್ಟುಕೊಟ್ಟಿತು.

ನಮ್ಮ ಗೌಡರಿಗೆ ನಾನು ಕೊಟ್ಟದ್ದು ಬಿಳಿ ಧೋತರ, ಬಿಳಿ ಅಂಗಿ. ಹುಡುಗನ ಮುಖ ಸಣ್ಣದಾಯಿತು. ನಾನು ಹುಟ್ಟಿದ್ದು ಎರೆಮಣ್ಣಿನ ಸೀಮೆಯಲ್ಲಿ, ಮಳೆ ಬಿದ್ದರೆ ಕಾಲಿಗೆ ಕಪ್ಪು ಕೆಸರು ಸೇರುಗಟ್ಟಲೆ ಹತ್ತುತ್ತದೆ. ಅಂಥ ನೆಲದಲ್ಲಿ ಹೊಲದ ಬದುವಿನ ಮೇಲೆ ನಿಂತು ಆಳುಗಳಿಗೆ ಜೋರು ಮಾಡುವ ಮನುಷ್ಯನ ಧೋತರದ ಅಂಚು ಬೆಳ್ಳಗೇ ಇದೆ ಎಂದರೆ, ಅವನು ಕೆಸರಿಗೆ ಇಳಿಯುವುದಿಲ್ಲ, ದಿನಾ ಬೆಳಿಗ್ಗೆ ಬೇರೆ ಯಾರೋ ಒಗೆದು ನೀಲಿ ಹಾಕಿ ಗಂಜಿ ಕೊಟ್ಟು ಮಡಚಿ ಇಡುತ್ತಾರೆ ಎಂದೇ ಅರ್ಥ ಅಲ್ವಾ? ಬಟ್ಟೆಯ ಬೆಲೆ ಎಷ್ಟೇ ಇರಲಿ, ಪ್ರೇಕ್ಷಕರಿಗೆ ಕಾಣಬೇಕಾದ್ದು ಆ ಕೈಗಳು.

ಇದಕ್ಕೊಂದು ಷರತ್ತು ಇದೆ. ರಂಗದ ಮೇಲೆ ಬಿಳಿ ಒಬ್ಬನಿಗೇ ಇರಬೇಕು. ಉಳಿದವರ ಬಿಳಿ ಬಟ್ಟೆಯನ್ನೆಲ್ಲ ಚಹಾ ನೀರಿನಲ್ಲಿ ಅದ್ದಿಸಿದೆ. ಕ್ಯಾಮೆರಾಕ್ಕೆ ಬಿಳಿ ಕಣ್ಣು ಕುಕ್ಕಬಾರದು ಅಂತ ಶೂಟಿಂಗಿನಲ್ಲಿ ಹೀಗೆ ಮಾಡುತ್ತೇವೆ. ಇಲ್ಲಿ ಅದೇ ಉಪಾಯ ಜಾತ್ರೆಯಷ್ಟು ಜನರ ನಡುವೆ ಗೌಡರನ್ನು ಎತ್ತಿ ತೋರಿಸಿತು.

ಕೊನೆಯ ದೃಶ್ಯದಲ್ಲಿ ಗೌಡರ ಜಮೀನು ಹೋಗುತ್ತದೆ. ಹರಿದ ಬಟ್ಟೆ ಬೇಡ, ಅದೇ ಥರದ ಇನ್ನೊಂದು ಧೋತರ ಚಹಾದಲ್ಲಿ ಅದ್ದಿ ಉಡಿಸೋಣ ಎಂದೆ. "ಹಿಂದಿನ ಸಾಲಿನವರಿಗೆ ಕಾಣಲ್ಲ ಅಕ್ಕ" ಎಂದ ಹುಡುಗ. ಲೈಟ್ ಹಾಕಿ ಕೊನೇ ಸಾಲಿಗೆ ಹೋಗಿ ಕೂತು ನೋಡಿದೆವು. ಅವನು ಹೇಳಿದ್ದು ಸರಿ. ಇನ್ನೂ ಎರಡು ಸಲ ಅದ್ದಿದೆವು.