ತಲೆಗೆ ಹೊಕ್ಕ ಸರಳನ್ನು ಅಲ್ಲೇ ಯಾಕೆ ಕೀಳಬಾರದು?

ಪ್ರಶ್ನೆ: ಕಟ್ಟಡದ ಕೆಲಸದಲ್ಲಿ ಬಿದ್ದವರ ತಲೆಗೆ ಕಬ್ಬಿಣದ ಸರಳು ಹೊಕ್ಕರೆ ತಕ್ಷಣ ತೆಗೆಯುವುದೇ ಒಳ್ಳೆಯದಲ್ವಾ? ಆಸ್ಪತ್ರೆಯಲ್ಲೂ ಅದನ್ನೇ ತಾನೆ ಮಾಡುವುದು?

ದಯವಿಟ್ಟು ಕೀಳಬೇಡಿ. ಒಳಗೆ ರಕ್ತನಾಳ ಹರಿದಿದ್ದರೆ, ಆ ತೂತನ್ನು ಸದ್ಯಕ್ಕೆ ಒತ್ತಿ ಹಿಡಿದಿರುವುದೂ ಅದೇ ಸರಳು. ಕಿತ್ತರೆ ಬುರುಡೆಯೊಳಗೆ ರಕ್ತ ನುಗ್ಗಬಹುದು. ಅಲ್ಲಿಗೆ ನಮ್ಮ ಕೈ ಹೋಗುವುದಿಲ್ಲ.

ಗಾಯಾಳು ಮಾತಾಡುತ್ತಿದ್ದಾರೆ ಅಂತಲೂ ಧೈರ್ಯ ಮಾಡಬೇಡಿ. 1848ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ, ರೈಲು ಹಳಿ ಹಾಕಲು ಬಂಡೆ ಸಿಡಿಸುವಾಗ, ಒಂದು ಮೀಟರಿಗಿಂತ ಉದ್ದದ ಸಲಾಕೆ ಫಿನಿಯಸ್ ಗೇಜ್ ಎಂಬ ಮೇಸ್ತ್ರಿಯ ಕೆನ್ನೆಯಲ್ಲಿ ಹೊಕ್ಕು ನೆತ್ತಿಯಲ್ಲಿ ಹೊರಬಿತ್ತು. ಕೆಲವೇ ನಿಮಿಷದಲ್ಲಿ ಆತ ಮಾತಾಡಿದ, ಎತ್ತಿನ ಗಾಡಿಯಲ್ಲಿ ಕೂತೇ ಊರಿಗೆ ಬಂದ. ಆಮೇಲೆ ಸೋಂಕು ತಗುಲಿ ಸಾವಿನ ಅಂಚಿಗೆ ಹೋಗಿ ಬದುಕಿದ.

ಆಸ್ಪತ್ರೆಯಲ್ಲಿ ಮೊದಲು ಸಿಟಿ ಸ್ಕ್ಯಾನ್. ರಕ್ತನಾಳಕ್ಕೆ ಪೆಟ್ಟಾಗಿರುವ ಅನುಮಾನವಿದ್ದರೆ ಆಂಜಿಯೋಗ್ರಾಂ, ಅಂದರೆ ರಕ್ತನಾಳಗಳ ಚಿತ್ರ ತೆಗೆಯುವ ಪರೀಕ್ಷೆ. ಕಬ್ಬಿಣವಿದ್ದರೆ ಎಂಆರ್‌ಐ ಮಾಡುವುದಿಲ್ಲ, ಅದರ ಅಯಸ್ಕಾಂತ ಸರಳನ್ನೇ ಎಳೆದುಬಿಡಬಹುದು.

ಆಪರೇಷನ್ನಿನಲ್ಲಿ ಸರಳಿಗೆ ಕೈ ಹಾಕುವುದು ಕೊನೆಗೆ. ಮೊದಲು ಅದರ ಸುತ್ತಲಿನ ಮೂಳೆ ಕೊರೆದು ತೆಗೆಯುತ್ತಾರೆ. ಮಿದುಳಿನ ಹೊದಿಕೆ ಬಿಡಿಸುತ್ತಾರೆ. ಒಳಗೆ ಏನಾಗಿದೆ ಅಂತ ಕಣ್ಣಿಗೆ ಕಾಣುವಂತಾದ ಮೇಲೆ, ಬಂದ ದಾರಿಯಲ್ಲೇ ಮೆಲ್ಲಗೆ, ಅಲುಗಿಸದೆ ಹೊರಗೆ ತರುತ್ತಾರೆ. ರಕ್ತ ಚಿಮ್ಮಿದರೆ ಅಲ್ಲೇ ತಡೆಯಬಹುದು. ಆಮೇಲೆ ಹೆಪ್ಪುಗಟ್ಟಿದ ರಕ್ತ, ಕೂದಲು, ಕೊಳೆ, ಕೈಗೆ ಸಿಗುವ ಮೂಳೆ ಚೂರು ತೆಗೆದು ತೊಳೆದು, ಹೊದಿಕೆಯನ್ನು ನೀರು ಸೋರದ ಹಾಗೆ ಹೊಲಿಯುತ್ತಾರೆ. ಆಳದಲ್ಲಿ ಸಿಕ್ಕಿಕೊಂಡ ಸಣ್ಣ ಚೂರುಗಳನ್ನು ಎಷ್ಟೋ ಸಲ ಹಾಗೇ ಬಿಡುತ್ತಾರೆ. ಅವನ್ನು ಹುಡುಕಲು ಹೊರಟರೆ ಚೆನ್ನಾಗಿರುವ ಮಿದುಳೂ ಹಾಳಾಗುತ್ತದೆ. ಮನೆಯವರಿಗೆ ಇದು ಗಾಬರಿ ಹುಟ್ಟಿಸುತ್ತದೆ, ಆದರೆ ಇದು ನಿರ್ಲಕ್ಷ್ಯವಲ್ಲ.

ಆಂಟಿಬಯೋಟಿಕ್, ಟೆಟನಸ್ ಇಂಜೆಕ್ಷನ್, ಮೊದಲ ವಾರ ಫಿಟ್ಸ್ ತಡೆಯುವ ಔಷಧಿ ಸಾಮಾನ್ಯ. ಪೆಟ್ಟು ತಿಂದ ರಕ್ತನಾಳ ಕೆಲವು ದಿನ, ವಾರ ಕಳೆದ ಮೇಲೂ ಉಬ್ಬಿ ಒಡೆಯಬಹುದು. ಅದಕ್ಕೇ ಮತ್ತೆ ಆಂಜಿಯೋಗ್ರಾಂಗೆ ಕರೆದರೆ ತಪ್ಪಿಸಬೇಡಿ.

ಸ್ಥಳದಲ್ಲಿ ನೀವು ಮಾಡಬೇಕಾದದ್ದು ಇಷ್ಟೇ: 108ಕ್ಕೆ ಫೋನ್ ಮಾಡಿ. ಸರಳಿನ ಸುತ್ತ ದಪ್ಪ ಬಟ್ಟೆ ಇಟ್ಟು ಅದು ಅಲುಗದ ಹಾಗೆ ಹಿಡಿಯಿರಿ. ಕುಡಿಯಲು ನೀರೂ ಕೊಡಬೇಡಿ. ಉದ್ದದ ಸರಳಾದರೆ ಕತ್ತರಿಸುವ ಕೆಲಸ ಅಗ್ನಿಶಾಮಕ ದಳಕ್ಕೆ ಬಿಡಿ.

ಮಕ್ಕಳಿರುವ ಮನೆಯವರಿಗೆ ಇನ್ನೊಂದು ಮಾತು. ಕಣ್ಣುಗುಳಿಯ ಮೇಲ್ಭಾಗದ ಮೂಳೆ ತುಂಬಾ ತೆಳು. ಪೆನ್ಸಿಲ್ ಹಿಡಿದು ಓಡುತ್ತಿದ್ದ ಮಗು ಬಿದ್ದು ರೆಪ್ಪೆಗೆ ಚುಚ್ಚಿಕೊಂಡರೆ, ತುದಿ ಮಿದುಳಿನವರೆಗೂ ಹೋಗಿರಬಹುದು. ಮುರಿದ ಮರದ ಚೂರು ಸಿಟಿ ಸ್ಕ್ಯಾನ್‌ನಲ್ಲಿ ಗಾಳಿಯ ಹಾಗೇ ಕಪ್ಪಗೆ ಕಂಡು ಕಣ್ತಪ್ಪುವುದೂ ಉಂಟು. ಗಾಯ ಚಿಕ್ಕದು ಅಂತ ಸುಮ್ನೆ ಬ್ಯಾಂಡೇಜ್ ಹಾಕಿ ಮಲಗಿಸಬೇಡಿ. ಚುಚ್ಚಿದ್ದು ಪೆನ್ಸಿಲ್ ಅಂತ ಡಾಕ್ಟರಿಗೆ ಹೇಳಿ, ಉಳಿದ ತುಂಡನ್ನೂ ತೆಗೆದುಕೊಂಡು ಹೋಗಿ ತೋರಿಸಿ.