ಫೈಲು ಯಾರ ಮಡಿಲಲ್ಲಿದೆ?

ಆಟಿಸಂ (ಮಾತು, ಜನರೊಂದಿಗೆ ಬೆರೆಯುವುದು ಬೇರೆ ರೀತಿಯಲ್ಲಿ ಬೆಳೆಯುವ ಸ್ಥಿತಿ) ಇರುವ ಮಗುವಿನ ತಂದೆತಾಯಿ ನನ್ನ ಬಳಿ ದಾಂಪತ್ಯದ ಕೌನ್ಸೆಲಿಂಗ್‌ಗೆ ಬಂದು ಕೂತಾಗ ನಾನು ಮೊದಲು ನೋಡುವುದು ಮಗುವಿನ ಫೈಲನ್ನು. ಅಸೆಸ್‌ಮೆಂಟ್ ರಿಪೋರ್ಟು, ಸ್ಪೀಚ್ ಥೆರಪಿ ಬಿಲ್ಲು, ಯುಡಿಐಡಿ ಕಾರ್ಡಿನ (ಸರ್ಕಾರ ಕೊಡುವ ಅಂಗವೈಕಲ್ಯದ ಗುರುತಿನ ಚೀಟಿ) ಜೆರಾಕ್ಸು ಎಲ್ಲ ಅದರಲ್ಲಿರುತ್ತದೆ. ಸಾಮಾನ್ಯವಾಗಿ ಅದು ತಾಯಿಯ ಮಡಿಲಲ್ಲಿ. ತಂದೆ ಸೋಫಾದ ಆ ತುದಿಯಲ್ಲಿ.

"ಆಟಿಸಂ ಮಗು ಇದ್ರೆ ನೂರಕ್ಕೆ 80 ಮದುವೆ ಮುರಿಯುತ್ತಂತೆ, ಹೌದಾ ಮೇಡಂ?" ಎಂದು ಗಾಬರಿಯಲ್ಲಿ ಕೇಳುತ್ತಾರೆ. ಇಲ್ಲ. 2010ರ ಅಮೆರಿಕದ ಒಂದು ಅಧ್ಯಯನದಲ್ಲಿ ಇಂಥ ಪೋಷಕರಲ್ಲಿ ವಿಚ್ಛೇದನ ನೂರಕ್ಕೆ ಸುಮಾರು 24 ಇತ್ತು, ಉಳಿದವರಲ್ಲಿ 14. ಜಾಸ್ತಿಯೇ, ಆದರೆ 80 ಅಲ್ಲ. ನನಗೆ ಮುಖ್ಯ ಅನ್ನಿಸಿದ್ದು ಇನ್ನೊಂದು ವಿಷಯ. ಉಳಿದವರಲ್ಲಿ ಮಗು ಬೆಳೆದಂತೆ ಆ ಅಪಾಯ ಇಳಿಯಿತು, ಇವರಲ್ಲಿ ಮಗು ಹದಿಹರೆಯಕ್ಕೆ ಬಂದರೂ ಇಳಿಯಲಿಲ್ಲ. ಹಾಗಾಗಿ "ಮಗು ಒಂದು ದಡ ಸೇರಲಿ, ಆಮೇಲೆ ನಮ್ಮದು ನೋಡೋಣ" ಅನ್ನುವವರಿಗೆ ನಾನು ಕಾಯಬೇಡಿ ಎನ್ನುತ್ತೇನೆ.

ಒಂದು ಜೋಡಿಯ ಮಾತು ಹೇಳುತ್ತೇನೆ, ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಮಗನಿಗೆ ಆರು ವರ್ಷ. "ಇವರಿಗೆ ಮಗನ ಚಿಂತೆನೇ ಇಲ್ಲ" ಎಂದರು ಆಕೆ. "ಥೆರಪಿ ದುಡ್ಡು ಎಲ್ಲಿಂದ ಬರ್ತಿದೆ ಅಂತ ಕೇಳಿ ಇವಳನ್ನ" ಎಂದರು ಅವರು. ಮೇಲ್ನೋಟಕ್ಕೆ ಜಗಳ ಇಷ್ಟೇ. ಇಂಥ ಕಡೆ ನಾನು ತೀರ್ಪು ಕೊಡುವುದಿಲ್ಲ, ಸಿಟ್ಟಿನ ಕೆಳಗೆ ಏನಿದೆ ಎಂದು ನಿಧಾನವಾಗಿ ಕೇಳುತ್ತೇನೆ. (ಮನೆಯಲ್ಲಿ ಹೊಡೆತ ಬಡಿತ ಇದ್ದರೆ ಮಾತ್ರ ಇಬ್ಬರನ್ನೂ ಜೊತೆಗೆ ಕೂರಿಸುವುದಿಲ್ಲ, ಮೊದಲು ಸುರಕ್ಷತೆ.) ಎರಡನೇ ಸಲ ಬಂದಾಗ ಗಂಡ ನೆಲ ನೋಡುತ್ತಾ ಹೇಳಿದರು: "ಒಬ್ಬನೇ ಅವನನ್ನ ಕರ್ಕೊಂಡು ಹೋಗೋಕೆ ಭಯ. ರಸ್ತೇಲಿ ಮಲಗಿಬಿಟ್ರೆ ಏನ್ ಮಾಡ್ಲಿ?" ಆಕೆ ತಿರುಗಿ ನೋಡಿದರು. "ರೀ, ಇದನ್ನ ಯಾವತ್ತಾದ್ರೂ ಹೇಳಿದ್ರಾ?"

ಆಕೆಯೊಳಗೂ ಒಂದು ಗಾಯವಿತ್ತು. "ನಮ್ಮ ಮನೆತನದಲ್ಲಿ ಯಾರಿಗೂ ಹೀಗಿಲ್ಲ" ಎಂಬ ಅತ್ತೆಯ ಮಾತು, ಅದನ್ನು ಕೇಳಿಯೂ ಸುಮ್ನಿದ್ದ ಗಂಡ. ತಾಯಿಯ ಪ್ರೀತಿ ಸಾಲದ್ದಕ್ಕೆ ಆಟಿಸಂ ಬರುತ್ತದೆ ಎಂದು ಒಂದು ಕಾಲದಲ್ಲಿ ಡಾಕ್ಟರುಗಳೇ ಹೇಳುತ್ತಿದ್ದರು. ಅದು ತಪ್ಪು ಎಂದು 1964ರಲ್ಲೇ ಪುಸ್ತಕ ಬರೆದು ವಾದಿಸಿದ ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್ಲ್ಯಾಂಡ್ ಸ್ವತಃ ಆಟಿಸಂ ಇದ್ದ ಮಗನ ತಂದೆ. ಇದನ್ನು ಗಂಡನ ಎದುರೇ ಹೇಳಿದೆ, ಅತ್ತೆಗೆ ಉತ್ತರ ಕೊಡಬೇಕಾದವರು ನೀವು ಎಂದೂ ಹೇಳಿದೆ.

ಆಮೇಲೆ ಒಂದು ಕೆಲಸ ಕೊಟ್ಟೆ. ಶನಿವಾರದ ಥೆರಪಿಗೆ ಅಪ್ಪ ಒಬ್ಬರೇ ಕರೆದೊಯ್ಯಬೇಕು, ಅಮ್ಮ ಫೋನ್ ಮಾಡಬಾರದು. ಮೊದಲ ಶನಿವಾರ ಅವರು, ಸದ್ದು ತಡೆಯಲು ಮಗ ಹಾಕಿಕೊಳ್ಳುವ ಹೆಡ್‌ಫೋನ್ ಮನೆಯಲ್ಲೇ ಮರೆತರು. ಆಟೋದ ಹಾರ್ನ್ ಸದ್ದಿಗೆ ಮಗ ಕಿವಿ ಮುಚ್ಚಿಕೊಂಡು ದಾರಿಯುದ್ದಕ್ಕೂ ಕಿರುಚಿದ. ಮನೆಗೆ ಬಂದು ಹೆಂಡತಿಯನ್ನು ಕೇಳಿದರಂತೆ: "ಇಷ್ಟು ದಿನ ಒಬ್ಬಳೇ ಹೇಗೆ ಮಾಡ್ತಿದ್ದೆ?"

ಅವತ್ತು ಆಕೆ ಉತ್ತರ ಕೊಡಲಿಲ್ಲ. ಮುಂದಿನ ವಾರ ನನ್ನೆದುರು ಕೊಟ್ಟರು, ಮುಕ್ಕಾಲು ಗಂಟೆ. ಅವರು ಒಮ್ಮೆಯೂ ಮಧ್ಯೆ ಬಾಯಿ ಹಾಕಲಿಲ್ಲ.