ಆ ಒಂದು ವಾಲ್ವ್ ಎಲ್ಲಿ ಕೂತಿದೆ?

ಹೋದ ತಿಂಗಳು ಮದ್ದೂರು ಕಡೆಯ ಹುಡುಗನೊಬ್ಬ ಗಿಟಾರಿನ ಸದ್ದನ್ನು ದೊಡ್ಡದು ಮಾಡುವ ಆಂಪನ್ನು ಬೈಕಿನ ಹಿಂದೆ ಹಗ್ಗ ಹಾಕಿ ಕಟ್ಟಿಕೊಂಡು ಮೈಸೂರಿಗೆ, ಅಗ್ರಹಾರದಲ್ಲಿರುವ ನನ್ನ ರಿಪೇರಿ ಅಂಗಡಿಗೆ ಬಂದ. ಗಣಪತಿ ಕೂರಿಸುವ ಕಾಲದಲ್ಲಿ, ಮದುವೆ ರಿಸೆಪ್ಷನ್‌ಗಳಲ್ಲಿ ಆರ್ಕೆಸ್ಟ್ರಾ ಜೊತೆ ನುಡಿಸುವವನು. "ಅಣ್ಣ, ಮೂರು ಸಲ ವಾಲ್ವ್ ಬದಲಾಯಿಸಿದೀನಿ. ಹತ್ತು ನಿಮಿಷ ಚೆನ್ನಾಗ್ ಬತ್ತದೆ, ಆಮೇಲೆ ಸೌಂಡು ಇಳ್ಕೊಂಡ್ ಹೋಯ್ತದೆ ಕಣಣ್ಣ" ಅಂದ. ಕೈಯಲ್ಲಿ ಒಂದು ಊಟದ ಡಬ್ಬಿ. ಅದರೊಳಗೆ ಬಟ್ಟೆ ಸುತ್ತಿದ ಮೂರು ವಾಲ್ವ್, ಅಂದರೆ ಸಿಗ್ನಲ್ ಬೆಳೆಸುವ ಗಾಜಿನ ಬುರುಡೆಗಳು. ನಾಲ್ಕನೆಯದು ಆಂಪ್ ಒಳಗಿತ್ತು.

ನಾಲ್ಕನ್ನೂ ಪರೀಕ್ಷೆ ಮಾಡಿದೆ. ನಾಲ್ಕೂ ಚೆನ್ನಾಗಿದ್ದವು.

ಅವನದು ಹೈಬ್ರಿಡ್ ಆಂಪ್. ಅಂದರೆ ಅರ್ಧ ವಾಲ್ವ್, ಅರ್ಧ ಟ್ರಾನ್ಸಿಸ್ಟರ್. ಟ್ರಾನ್ಸಿಸ್ಟರ್ ಅಂದರೆ ವಾಲ್ವಿನ ಕೆಲಸವನ್ನೇ ಗಾಜಿನ ಬುರುಡೆ ಇಲ್ಲದೆ ಮಾಡುವ ಪುಟ್ಟ ಬಿಡಿಭಾಗ. ಇಂಥ ಆಂಪ್ ಕೆಟ್ಟರೆ ಎಲ್ಲರ ಕಣ್ಣೂ ಮೊದಲು ಹೋಗುವುದು ಆ ಗಾಜಿನ ಬುರುಡೆಯ ಮೇಲೆ. ಹೊಳೆಯುವುದು ಅದೊಂದೇ, ಕೈಯಲ್ಲಿ ಕಿತ್ತು ಹಾಕಲು ಬರುವುದೂ ಅದೊಂದೇ. ಆದರೆ ಕೇಳಬೇಕಾದ ಮೊದಲ ಪ್ರಶ್ನೆ ಬೇರೆ. ವಾಲ್ವ್ ಆಂಪಿನ ಯಾವ ಭಾಗದಲ್ಲಿ ಕೂತಿದೆ? ಮುಂದಿನ ಭಾಗದಲ್ಲೋ, ಹಿಂದಿನ ಭಾಗದಲ್ಲೋ?

ವಾಲ್ವ್ ಮೈಸೂರಿಗೆ ಹೊಸದಲ್ಲ. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರೊಫೆಸರ್ ಆಗಿದ್ದ ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ಇಲ್ಲಿ ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಶುರು ಮಾಡಿದಾಗ ಟ್ರಾನ್ಸಿಸ್ಟರ್ ಇನ್ನೂ ಹುಟ್ಟಿರಲಿಲ್ಲ. ಅದು ಬಂದದ್ದು 1947ರಲ್ಲಿ. ಕಳಿಸುವ ಕಡೆಯೂ ವಾಲ್ವ್, ಕೇಳುವ ಕಡೆಯೂ ವಾಲ್ವ್. ಮುಂದೆ ಬೆಂಗಳೂರಿನ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಕಾರ್ಖಾನೆಯೂ ವಾಲ್ವ್ ತಯಾರಿಸುತ್ತಿತ್ತು. ನನಗೆ ಕೆಲಸ ಕಲಿಸಿದವರು ಅಂಥ ರೇಡಿಯೋಗಳನ್ನು ರಿಪೇರಿ ಮಾಡಿಯೇ ಸಂಸಾರ ನಡೆಸಿದವರು. ಸ್ವಿಚ್ ಹಾಕಿದ ಮೇಲೆ ಬಿಸಿಯಾಗುವ ತನಕ ಮಾತಾಡದ ಆ ಪೆಟ್ಟಿಗೆಗಳ ವಾಸನೆ ಈಗಲೂ ನನಗೆ ಇಷ್ಟ.

ವಾಲ್ವ್ ಕೆಲಸ ಮಾಡುವ ಬಗೆಯನ್ನು ಮಂಡ್ಯ ಕಡೆಯವರಿಗೆ ಹೇಳುವುದು ಸುಲಭ. ವಿ.ಸಿ. ನಾಲೆಯ ತೂಬನ್ನು ನೆನೆಸಿಕೊಳ್ಳಿ. ಒಳಗಿನ ಫಿಲಮೆಂಟ್ ಅನ್ನುವ ಸಣ್ಣ ತಂತಿ ಕಾದಾಗ ಕ್ಯಾಥೋಡಿನಿಂದ ಎಲೆಕ್ಟ್ರಾನ್‌ಗಳು ಹೊರಟು ಪ್ಲೇಟಿನ ಕಡೆ ಹರಿಯುತ್ತವೆ. ನಡುವೆ ಗ್ರಿಡ್ ಅನ್ನುವ ಜಾಲರಿ ಇದೆ, ಅದೇ ತೂಬಿನ ಬಾಗಿಲು. ಗಿಟಾರಿನ ಸಣ್ಣ ಸಿಗ್ನಲ್ ಬಾಗಿಲನ್ನು ಸ್ವಲ್ಪ ಆಡಿಸಿದರೆ ಸಾಕು, ಆಚೆ ಕಡೆ ದೊಡ್ಡ ಹರಿವು ಏರಿಳಿಯುತ್ತದೆ. ಸಿಗ್ನಲ್ ಜಾಸ್ತಿಯಾದಾಗ ವಾಲ್ವ್ ಅದರ ತಲೆಯನ್ನು ದುಂಡಗೆ ಒತ್ತುತ್ತದೆ. ಟ್ರಾನ್ಸಿಸ್ಟರ್ ಆದರೆ ಮಿತಿ ಮುಟ್ಟಿದ ಕೂಡಲೇ ಚಪ್ಪಟೆಯಾಗಿ ಕತ್ತರಿಸುತ್ತದೆ. ಕಿವಿಗೆ ಒಂದು ಬೆಚ್ಚಗೆ, ಇನ್ನೊಂದು ಒರಟು ಅನ್ನಿಸುವುದು ಮುಖ್ಯವಾಗಿ ಇದರಿಂದ.

ಗಿಟಾರ್ ಆಂಪಿನಲ್ಲಿ ಎರಡು ಭಾಗ. ಮುಂದಿನದು ಪ್ರೀಆಂಪ್. ಸಣ್ಣ ಸಿಗ್ನಲ್ಲನ್ನು ಬೆಳೆಸಿ, ಬಾಸ್, ಟ್ರೆಬಲ್ ಹದ ಮಾಡುವುದು ಅಲ್ಲಿ. ಹಿಂದಿನದು ಪವರ್ ಆಂಪ್, ಸ್ಪೀಕರನ್ನು ತಳ್ಳುವ ಭಾಗ. ನಮ್ಮ ಊರುಗಳಲ್ಲಿ ಜಾಸ್ತಿ ಕಾಣುವ ಹೈಬ್ರಿಡ್‌ಗಳಲ್ಲಿ ವಾಲ್ವ್ ಇರುವುದು ಮುಂದೆ. ಮಾರ್ಷಲ್ ಕಂಪನಿ 1990ರ ದಶಕದಲ್ಲಿ ತಂದ ವಾಲ್ವ್‌ಸ್ಟೇಟ್ ಸರಣಿ ಹೀಗೇ ಇತ್ತು. ಪ್ರೀಆಂಪಿನಲ್ಲಿ ಇಸಿಸಿ83 ಅನ್ನುವ ಒಂದು ಚಿಕ್ಕ ವಾಲ್ವ್, ಹಿಂದೆ ಪೂರ್ತಿ ಟ್ರಾನ್ಸಿಸ್ಟರ್. ಅಂಗೈಯಲ್ಲಿ ಹಿಡಿಯುವಂಥ 20 ವಾಟಿನ ಆರೆಂಜ್ ಮೈಕ್ರೋ ಟೆರರ್ ಕೂಡ ಇದೇ ಜಾತಿ. ಇದಕ್ಕೆ ಕಾರಣ ತೂಕ ಮತ್ತು ದುಡ್ಡು. ಹಿಂದೆ ವಾಲ್ವ್ ಹಾಕಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಅದು ಕಬ್ಬಿಣ, ತಾಮ್ರದ ಗಟ್ಟಿ. ಟ್ರಾನ್ಸಿಸ್ಟರಿಗೆ ಅದು ಬೇಡ.

ಇನ್ನೊಂದು ಜಾತಿ ತಿರುಗಾಮುರುಗಾ. ಅಮೆರಿಕದ ಲಿಯೋ ಫೆಂಡರ್ ತಮ್ಮ ಹೆಸರಿನ ಗಿಟಾರ್, ಆಂಪ್ ಕಂಪನಿಯನ್ನು 1965ರಲ್ಲಿ ಸಿಬಿಎಸ್ ಎಂಬ ದೊಡ್ಡ ಕಂಪನಿಗೆ ಮಾರಿ, 1970ರ ದಶಕದಲ್ಲಿ ಮ್ಯೂಸಿಕ್ ಮ್ಯಾನ್ ಕಂಪನಿಯ ಜೊತೆಗೂಡಿದರು. ಆ ಕಂಪನಿಯ ಆಂಪ್‌ಗಳಲ್ಲಿ ಮುಂದೆ ಐಸಿಗಳು (ಹಲವು ಟ್ರಾನ್ಸಿಸ್ಟರ್ ಸೇರಿದ ಚಿಪ್‌ಗಳು), ಹಿಂದೆ ದೊಡ್ಡ ಪವರ್ ವಾಲ್ವ್. ಕೆಲವು ಮಾದರಿಗಳಲ್ಲಿ ಪ್ಲೇಟಿಗೆ ಸುಮಾರು 700 ವೋಲ್ಟ್ ಕೊಡುತ್ತಿದ್ದರು. ಈಚಿನ ಫೆಂಡರ್ ಸೂಪರ್ ಚಾಂಪ್ ಎಕ್ಸ್‌ಡಿಯಲ್ಲಿ ಮುಂದೆ ಡಿಜಿಟಲ್, ಹಿಂದೆ ಎರಡು 6ವಿ6 ವಾಲ್ವ್.

ಎರಡನ್ನೂ ನಾವು ಹೈಬ್ರಿಡ್ ಎಂದೇ ಕರೆಯುತ್ತೇವೆ. ನನಗೆ ಚಿಂತೆ ಇರುವುದು ಇಲ್ಲೇ. ಎರಡಕ್ಕೂ ಎಚ್ಚರಿಕೆ ಪೂರಾ ಉಲ್ಟಾ. ಹಿಂದೆ ವಾಲ್ವ್ ಇರುವ ಆಂಪನ್ನು ಸ್ಪೀಕರ್ ಜೋಡಿಸದೆ ನುಡಿಸಲೇಬಾರದು. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಒಳಗೆ ವೋಲ್ಟೇಜ್ ಏರಿ ಸುಟ್ಟುಹೋಗಬಹುದು, ಬದಲಿ ಸಿಗುವುದೂ ಕಷ್ಟ. ಹಿಂದೆ ಟ್ರಾನ್ಸಿಸ್ಟರ್ ಇರುವುದಕ್ಕೆ ಸ್ಪೀಕರ್ ಇಲ್ಲದಿದ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಅದನ್ನು ಕೊಲ್ಲುವುದು ಶಾರ್ಟ್ ಆದ ಸ್ಪೀಕರ್ ವೈರು, ಅಥವಾ ಆಂಪಿನ ಮೇಲೆ ಬರೆದಿರುವುದಕ್ಕಿಂತ ಕಡಿಮೆ ಓಮಿನ ಸ್ಪೀಕರ್. ಓಮ್ ಅಂದರೆ ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆಯ ಅಳತೆ. ಸೌಂಡು ಸಾಲದು ಅಂತ ಸ್ಟೇಜಿನ ಮೇಲೆ ಇನ್ನೊಂದು ಕ್ಯಾಬಿನೆಟ್ ಸಿಕ್ಕಿಸುವವರು ಈ ಲೆಕ್ಕ ಒಮ್ಮೆ ನೋಡಿಕೊಳ್ಳಬೇಕು. 8 ಓಮಿನ ಎರಡು ಕ್ಯಾಬಿನೆಟ್ ಪ್ಯಾರಲಲ್ ಆದರೆ 4 ಓಮ್.

"ಒಂದು ವಾಲ್ವ್ ಇಟ್ಟಿರೋದು ಸುಮ್ನೆ ಶೋಕಿಗೆ, ಅಲ್ವಾ ಸರ್?" ಎಂದು ತುಂಬ ಜನ ಕೇಳುತ್ತಾರೆ. ಕೆಲವು ಆಂಪ್‌ಗಳ ಮಟ್ಟಿಗೆ ಹೌದು. ಇಸಿಸಿ83ರ ಒಂದೇ ಬುರುಡೆಯಲ್ಲಿ ಎರಡು ವಾಲ್ವ್ ಇರುತ್ತವೆ. ಅವುಗಳ ಪ್ಲೇಟಿಗೆ ಇನ್ನೂರು ವೋಲ್ಟಿನ ಮೇಲೆ ಸಿಕ್ಕರೆ ಮೈ ಬಿಚ್ಚಿ ಕೆಲಸ ಮಾಡುತ್ತವೆ. ಹತ್ತಿಪ್ಪತ್ತು, ನಲವತ್ತು ವೋಲ್ಟು ಮಾತ್ರ ಕೊಟ್ಟರೆ ಸ್ವರ ಬೇಗ ಮಂಕಾಗುತ್ತದೆ. ಅದೂ ಒಂದು ಬಗೆಯ ಬಣ್ಣವೇ, ಕೆಲವರಿಗೆ ಹಿಡಿಸುತ್ತದೆ. ಆದರೆ ಪೂರ್ತಿ ವಾಲ್ವ್ ಆಂಪಿನ ಸ್ವರ ಅದಲ್ಲ. ಕೆಲವು ಕಡೆ ವಾಲ್ವಿನ ಕೆಳಗೆ ಕಿತ್ತಳೆ ಬಣ್ಣದ ಎಲ್‌ಇಡಿ ಇಟ್ಟಿರುತ್ತಾರೆ. ಫಿಲಮೆಂಟಿನ ನಿಜವಾದ ಬೆಳಕು ಮಸುಕು, ಕತ್ತಲಲ್ಲಿ ಹತ್ತಿರದಿಂದ ನೋಡಿದರೆ ಕಾಣುವಷ್ಟು. ದೂರಕ್ಕೇ ಜಗಮಗ ಹೊಳೆದರೆ ಅದು ಎಲ್‌ಇಡಿ. ವಾಲ್ವ್ ಸತ್ತರೂ ಅದು ಹೊಳೆಯುತ್ತಲೇ ಇರುತ್ತದೆ.

ಇನ್ನೊಂದು ಸಂಗತಿ ಇದಕ್ಕಿಂತ ದೊಡ್ಡದು. ವಾಲ್ವ್ ಆಂಪಿನ ಜೀವ ಎಂದು ನಾವು ಅಂದುಕೊಳ್ಳುವುದರಲ್ಲಿ ಒಂದು ಪಾಲು ಇರುವುದು ಹಿಂದಿನ ಭಾಗದಲ್ಲಿ. ಸ್ಪೀಕರ್ ಮೇಲೆ 8 ಓಮ್ ಎಂದು ಬರೆದಿದ್ದರೂ ಅದು ಎಲ್ಲ ಸ್ವರಕ್ಕೂ 8 ಅಲ್ಲ. ಗಿಟಾರ್ ಸ್ಪೀಕರಿನಲ್ಲಿ ಸುಮಾರು 80-100 ಹರ್ಟ್ಸ್ ಹತ್ತಿರ ಅದು ಹಲವು ಪಟ್ಟು ಏರುತ್ತದೆ, ಮೇಲಿನ ಸ್ವರಗಳಲ್ಲಿ ಮತ್ತೆ ಏರುತ್ತದೆ. ವಾಲ್ವ್ ಪವರ್ ಆಂಪ್ ಈ ಏರಿಳಿತದ ಜೊತೆ ತಾನೂ ಬಗ್ಗುತ್ತದೆ. ಓಮ್ ಏರಿದ ಕಡೆ ಅದರ ವೋಲ್ಟೇಜೂ ಏರಿ ಬಾಸ್ ತುಂಬಿಕೊಳ್ಳುತ್ತದೆ, ಮೇಲಿನ ಸ್ವರ ಹೊಳೆಯುತ್ತದೆ. ಮಾಮೂಲಿ ಟ್ರಾನ್ಸಿಸ್ಟರ್ ಪವರ್ ಆಂಪ್ ಸ್ಪೀಕರ್ ಏನೇ ಹೇಳಿದರೂ ಕೇಳದೆ ಒಂದೇ ಮಟ್ಟ ಹಿಡಿಯುತ್ತದೆ. ಹಾಡು ಕೇಳುವ ಸ್ಟೀರಿಯೋಗೆ ಅದು ಒಳ್ಳೆಯ ಗುಣ, ಗಿಟಾರಿಗೆ ಸಪ್ಪೆ. ಇದನ್ನು ಅರಿತ ಎಂಜಿನಿಯರ್‌ಗಳು ಟ್ರಾನ್ಸಿಸ್ಟರ್ ಭಾಗಕ್ಕೆ ಕರೆಂಟ್ ಫೀಡ್‌ಬ್ಯಾಕ್ (ಸ್ಪೀಕರಿಗೆ ಹೋಗುವ ಕರೆಂಟನ್ನು ಅಳೆದು ಆಂಪಿಗೆ ಹಿಂದಕ್ಕೆ ತಿಳಿಸುವ ಏರ್ಪಾಡು) ಕೊಟ್ಟು, ಅದೂ ಸ್ಪೀಕರಿಗೆ ಬಗ್ಗುವ ಹಾಗೆ ಮಾಡಿದರು. ಇಂಥ ಆಂಪಿನ ಮುಂದೆ ಕೂತು ನುಡಿಸಿದಾಗ ಸಿಗುವ ತುಂಬು ನಾದಕ್ಕೆ ಎಲ್ಲರೂ ಆ ಒಂದು ವಾಲ್ವನ್ನು ಹೊಗಳುತ್ತಾರೆ. ಕೆಲಸದಲ್ಲಿ ದೊಡ್ಡ ಪಾಲು ಹಿಂದಿನ ಟ್ರಾನ್ಸಿಸ್ಟರ್‌ಗಳದ್ದು.

2015ರಲ್ಲಿ ಕೊರ್ಗ್ ಮತ್ತು ನೊರಿಟಾಕೆ ಕಂಪನಿಗಳು ಸೇರಿ ನ್ಯೂಟ್ಯೂಬ್ ತಂದವು. ಹಳೇ ವಿಸಿಆರ್‌ಗಳಲ್ಲಿ ಗಂಟೆ ತೋರಿಸುತ್ತಿದ್ದ ಹಸಿರು-ನೀಲಿ ಡಿಸ್‌ಪ್ಲೇ ನೆನಪಿದೆಯಾ? ಅದೇ ತಂತ್ರದ ಚಪ್ಪಟೆ ವಾಲ್ವ್. ಕರೆಂಟ್ ತೀರ ಕಡಿಮೆ ಸಾಕು. ಅದನ್ನು ಹಾಕಿದ ವಾಕ್ಸ್ ಎಂವಿ50 ಆಂಪ್ 50 ವಾಟ್ ಕೊಡುತ್ತದೆ, ಆದರೆ 4 ಓಮಿಗೆ ಮಾತ್ರ. 8 ಓಮಿನ ಸ್ಪೀಕರ್ ಹಾಕಿದರೆ 25.

ಈಗ ಮದ್ದೂರಿನ ಹುಡುಗನ ಆಂಪ್. ಹಿಂಬದಿಯಲ್ಲಿ ಸೆಂಡ್, ರಿಟರ್ನ್ ಎಂಬ ಎರಡು ಜಾಕ್ ಇದ್ದವು. ಸೆಂಡಿನಿಂದ ಪ್ರೀಆಂಪಿನ ಸಿಗ್ನಲ್ ಹೊರಗೆ ಬರುತ್ತದೆ, ರಿಟರ್ನ್‌ಗೆ ಹಾಕಿದ್ದು ನೇರ ಪವರ್ ಆಂಪಿಗೆ ಹೋಗುತ್ತದೆ. ಸೌಂಡು ಇಳಿಯುವ ತನಕ ಕಾದು, ಗಿಟಾರನ್ನು ನೇರ ರಿಟರ್ನ್‌ಗೆ ಹಾಕಿದೆ. ಸ್ವರ ಮೆತ್ತಗಿತ್ತು, ಆದರೆ ಇಳಿಯಲಿಲ್ಲ. ಹಿಂದಿನ ಭಾಗ ಸರಿಯಿದೆ ಎಂದಾಯಿತು. ಸೆಂಡಿನಿಂದ ಬೇರೆ ಆಂಪಿಗೆ ವೈರು ಎಳೆದೆ. ಅಲ್ಲಿ ಸ್ವರ ಸತ್ತಿತ್ತು. ಇಷ್ಟಕ್ಕೆ ಆಂಪ್ ಬಿಚ್ಚಬೇಕಾಗಿಲ್ಲ, ಯಾರು ಬೇಕಾದರೂ ಮನೆಯಲ್ಲೇ ಮಾಡಬಹುದು.

ಆಮೇಲೆ ಬಿಚ್ಚಿದೆ. ವಾಲ್ವ್ ಸಾಕೆಟ್ಟಿನ 4 ಮತ್ತು 5ನೇ ಪಿನ್ನಿನ ಮಧ್ಯೆ ಮೀಟರ್ ಹಿಡಿದೆ. ಶುರುವಿನಲ್ಲಿ 12.6 ವೋಲ್ಟ್, ಹತ್ತು ನಿಮಿಷದ ಮೇಲೆ 7. ಫಿಲಮೆಂಟ್ ತಣ್ಣಗಾಗುತ್ತಿತ್ತು. ನಾಲೆಯಲ್ಲಿ ನೀರೇ ಇಲ್ಲದಿದ್ದರೆ ತೂಬನ್ನು ಎಷ್ಟು ಸಲ ಬದಲಾಯಿಸಿ ಏನು ಪ್ರಯೋಜನ? ಫಿಲಮೆಂಟಿಗೆ ಹೋಗುವ ದಾರಿಯಲ್ಲಿದ್ದ ರೆಸಿಸ್ಟರ್ ವರ್ಷಾನುಗಟ್ಟಲೆ ಕಾದು ಬೋರ್ಡನ್ನು ಕಂದು ಮಾಡಿತ್ತು. ಅದರ ಕಾಲಿನ ಸುತ್ತ ಸೋಲ್ಡರ್ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಹಳೇ ಸೋಲ್ಡರ್ ತೆಗೆದು ಹೊಸದು ಹಾಕಿದೆ. ಗಾಳಿ ಆಡಲಿ ಎಂದು ಹೊಸ ರೆಸಿಸ್ಟರನ್ನು ಬೋರ್ಡಿನಿಂದ ಸ್ವಲ್ಪ ಎತ್ತರಿಸಿ ಕೂರಿಸಿದೆ. ಎರಡು ಗಂಟೆ ಓಡಿಸಿದೆ, ವೋಲ್ಟೇಜ್ ಕದಲಲಿಲ್ಲ. ಇದನ್ನು ಓದಿ ಯಾರೂ ಮನೆಯಲ್ಲಿ ಆಂಪ್ ಬಿಚ್ಚಲು ಹೋಗಬೇಡಿ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ನೂರಾರು ವೋಲ್ಟ್ ಉಳಿದಿರಬಹುದು.

ಅವನ ಪ್ಲಗ್ ನೋಡಿ ನನಗೆ ನಿಜವಾಗಿ ಭಯವಾಯಿತು. ಅರ್ಥ್ ಪಿನ್ ಇರಲಿಲ್ಲ. "ಜನರೇಟರ್ ಹಾಕ್ದಾಗ ಗುಂಯ್ ಅಂತದೆ, ಅದಕ್ಕೇ ಕಿತ್ತಾಕ್ದೆ ಅಣ್ಣ" ಅಂದ. ಒಳಗೆ ಏನಾದರೂ ಶಾರ್ಟ್ ಆದರೆ ಗಿಟಾರಿನ ತಂತಿಗೇ ಕರೆಂಟ್ ಬರುತ್ತದೆ. ಕೈ ತಂತಿಯ ಮೇಲೆ, ತುಟಿ ಮೈಕಿನ ಮೇಲೆ. "ನೋಡಪ್ಪ, ಗುಂಯ್ ಅನ್ನೋದಕ್ಕೆ ಬೇರೆ ದಾರಿ ಇದೆ, ಜೀವಕ್ಕೆ ಇಲ್ಲ" ಎಂದು ಹೇಳಿ, ಹೊಸ ಮೂರು ಪಿನ್ನಿನ ಪ್ಲಗ್ ಹಾಕಿ, ಅದಕ್ಕೆ ದುಡ್ಡು ತೆಗೆದುಕೊಳ್ಳದೆ ಕಳಿಸಿದೆ.

ವಾಲ್ವ್‌ಗಳು ಈಗ ಮುಖ್ಯವಾಗಿ ರಷ್ಯಾ, ಸ್ಲೊವಾಕಿಯಾ, ಚೀನಾಗಳಿಂದ ಬರುತ್ತವೆ. 2022ರಲ್ಲಿ ರಷ್ಯಾದಿಂದ ಬರುವುದಕ್ಕೆ ಅಡ್ಡಿಯಾದಾಗ ಬೆಲೆ ಏರಿತ್ತು. ಹಾಗಾಗಿ ಒಳ್ಳೆಯ ವಾಲ್ವನ್ನು ಎಸೆಯಬೇಡ ಎಂದು ಅವನಿಗೆ ಹೇಳಿದೆ. ಒಂದನ್ನು ಬಿಡಿಯಾಗಿ ಗಿಟಾರ್ ಬ್ಯಾಗಿನಲ್ಲಿ ಇಟ್ಟುಕೊಂಡ. ಉಳಿದ ಎರಡು ಅದೇ ಊಟದ ಡಬ್ಬಿಯಲ್ಲಿ ನನ್ನ ಮೇಜಿನ ಮೇಲಿವೆ. ಯಾರಿಗಾದರೂ ಬೇಕಾದರೆ ಕೊಡಿ ಎಂದು ಹೇಳಿ ಹೋಗಿದ್ದಾನೆ.